ಬೇರಿಂಗ್ ಏಕೆ ಹಿಂದಿರುಗಿದ? ರಷ್ಯದ ಡೇನಿಶ್ ಕಪ್ತಾನನ ಕುರಿತು ಮೂರು ಶತಮಾನಗಳ ವಾದ

1728ರ ಆಗಸ್ಟ್ 16ರಂದು, ಏಷ್ಯಾ ಖಂಡದ ಈಶಾನ್ಯ ಮೂಲೆಯನ್ನು ದಾಟಿ ಉತ್ತರದ ಹಿಮಸಾಗರದೊಳಕ್ಕೆ ಸಾಗಿದ್ದ ‘ಸಂತ ಗೇಬ್ರಿಯಲ್’ ಎಂಬ ಪುಟ್ಟ ಹಡಗು 67 ಡಿಗ್ರಿ 18 ಮಿನಿಟು ಅಕ್ಷಾಂಶದಲ್ಲಿ ದಿಕ್ಕು ಬದಲಿಸಿ ದಕ್ಷಿಣಕ್ಕೆ ತಿರುಗಿತು. ಎದುರಿಗೆ ಹಿಮದ ಗೋಡೆಯೇನೂ ಅಡ್ಡ ಬಂದಿರಲಿಲ್ಲ. ಹಡಗಿನಲ್ಲಿದ್ದ 44 ಜನಕ್ಕೆ ಊಟದ ದಾಸ್ತಾನು ಮುಗಿದಿರಲಿಲ್ಲ. ತನಗೆ ಒಪ್ಪಿಸಿದ ಕೆಲಸ ಮುಗಿಯಿತೆಂದು ಕಪ್ತಾನ ವಿಟುಸ್ ಬೇರಿಂಗ್ ತೀರ್ಮಾನಿಸಿದ್ದ, ಅಷ್ಟೇ. ಆ ಜಾಗಕ್ಕೆ ಬರಲು ಅವನ ತಂಡ ಸೈಬೀರಿಯದ ಉದ್ದಕ್ಕೂ ಮೂರೂವರೆ ವರ್ಷ ತೆವಳಿತ್ತು. ಕಡಲಿನ ಮೇಲೆ ಕಳೆದದ್ದು ಮಾತ್ರ ಏಳು ವಾರ.

ಹದಿಮೂರು ವರ್ಷಗಳ ಮೇಲೆ ಅದೇ ಕಪ್ತಾನ ಅಲಾಸ್ಕದ ಕರಾವಳಿಯ ಒಂದು ದ್ವೀಪದ ಪಕ್ಕ ಲಂಗರು ಹಾಕಿದ. ನೀರಿನ ಪೀಪಾಯಿಗಳು ಪೂರ್ತಿ ತುಂಬುವ ಮೊದಲೇ, ಮರುದಿನ ಬೆಳಿಗ್ಗೆ ಲಂಗರೆತ್ತಿಸಿ ಹೊರಟೇಬಿಟ್ಟ.

ಈ ಎರಡು ಹಿಂದಿರುಗುವಿಕೆಗಳ ಸುತ್ತ ಒಂದು ದೊಡ್ಡ ಸಾಹಿತ್ಯವೇ ಬೆಳೆದಿದೆ. ಬೇರಿಂಗನನ್ನು ಕಳಿಸಿದ್ದು ಯಾತಕ್ಕೆ, ಹೋದ ಕೆಲಸವನ್ನು ಅವನು ಮಾಡಿದನೋ ಇಲ್ಲವೋ, ಅವನು ಅಂಜುಬುರುಕನೋ ಹೊಣೆಯರಿತವನೋ ಎಂದು ಜರ್ಮನ್, ಡೇನಿಶ್, ಅಮೆರಿಕನ್, ಸೋವಿಯತ್ ವಿದ್ವಾಂಸರು ಒಬ್ಬರಾದ ಮೇಲೊಬ್ಬರು ತೀರ್ಪು ಬರೆದಿದ್ದಾರೆ. ಅವನ್ನೆಲ್ಲ ಎದುರಿಗಿಟ್ಟುಕೊಂಡು ಓದುವಾಗ ನನಗೆ ಎದ್ದುಕಾಣುವ ಸಂಗತಿ ಒಂದು: ಅವನು ಪರದೇಶದಿಂದ ಬಂದು ಚಾಕರಿಗೆ ಸೇರಿದವನು ಎಂಬುದನ್ನು ಪ್ರತಿಯೊಂದು ಪಂಥವೂ ಹೊಗಳಿಕೆಗೋ ತೆಗಳಿಕೆಗೋ ಬಳಸಿಕೊಂಡಿದೆ. ಆ ಸ್ಥಿತಿಯೇ ಅವನ ನಿರ್ಧಾರಗಳನ್ನು ಹೇಗೆ ರೂಪಿಸಿತು ಎಂದು ಕೇಳಿದವರು ಕಡಿಮೆ.

ಹಾರ್ಸೆನ್ಸ್‌ನಿಂದ ಪೀಟರನ ನೌಕಾಪಡೆಗೆ

ಬೇರಿಂಗ್ ಹುಟ್ಟಿದ್ದು 1681ರಲ್ಲಿ, ಡೆನ್ಮಾರ್ಕಿನ ಯೂಟ್ಲಂಡ್ ಪರ್ಯಾಯದ್ವೀಪದ ಹಾರ್ಸೆನ್ಸ್ ಎಂಬ ಬಂದರು ಪಟ್ಟಣದಲ್ಲಿ. ತಂದೆ ಯೊನಾಸ್ ಸ್ವೆಂಡ್ಸೆನ್ ಸುಂಕದ ಅಧಿಕಾರಿ. ಬೇರಿಂಗ್ ಎಂಬುದು ತಾಯಿಯ ಮನೆತನದ ಹೆಸರು. ಹುಡುಗ ಬೇಗನೆ ಹಡಗು ಹತ್ತಿದ. ಡಚ್ ಹಡಗುಗಳಲ್ಲಿ ಪೂರ್ವದ ದ್ವೀಪಗಳವರೆಗೆ ಹೋಗಿ ಬಂದ. 1704ರ ಹೊತ್ತಿಗೆ ಆಮ್‌ಸ್ಟರ್‌ಡ್ಯಾಮಿನಲ್ಲಿದ್ದಾಗ ರಷ್ಯದ ನೌಕಾಪಡೆ ಸೇರಿದ.

ಆ ನೌಕಾಪಡೆಯೇ ಆಗ ಹೊಸತು. ಸಮುದ್ರದ ಅನುಭವವಿದ್ದ ರಷ್ಯನ್ನರು ವಿರಳವಾದ್ದರಿಂದ ಮೊದಲನೆಯ ಪೀಟರ್ ಹಾಲೆಂಡ್, ಡೆನ್ಮಾರ್ಕ್, ನಾರ್ವೆ, ಇಂಗ್ಲೆಂಡುಗಳಿಂದ ಅಧಿಕಾರಿಗಳನ್ನು ಸಂಬಳಕ್ಕೆ ಕರೆತರುತ್ತಿದ್ದ. ಬೇರಿಂಗನಂಥವರನ್ನು ಆರಿಸಿ ತಂದ ಅಡ್ಮಿರಲ್ ಕೊರ್ನೇಲಿಯುಸ್ ಕ್ರೂಯ್ಸ್ ಕೂಡ ನಾರ್ವೆಯಲ್ಲಿ ಹುಟ್ಟಿದವನು. ಹೀಗೆ ಬಂದವರಿಗೆ ಜಮೀನಿಲ್ಲ, ವಂಶದ ಬಲವಿಲ್ಲ, ಅರಮನೆಯಲ್ಲಿ ಬಂಧುಗಳಿಲ್ಲ. ದರ್ಜೆ ಮತ್ತು ಸಂಬಳ ಇವೆರಡೇ ಅವರ ಆಸ್ತಿ.

1713ರಲ್ಲಿ ಬೇರಿಂಗ್ ವೀಬೋರ್ಗಿನ ವ್ಯಾಪಾರಿ ಮನೆತನದ ಆನ್ನಾ ಕ್ರಿಸ್ಟಿನಾ ಪ್ಯೂಲ್ಸೆಯನ್ನು ಮದುವೆಯಾದ. ಆಕೆಯ ಮನೆಮಾತು ಜರ್ಮನ್. ಊರಿನಲ್ಲಿ ತಂದೆತಾಯಿ ತೀರಿಕೊಂಡ ಮೇಲೆ ತನ್ನ ಪಾಲಿಗೆ ಬಂದ ಹಣವನ್ನು ಅವನು ಹಾರ್ಸೆನ್ಸಿನ ಬಡವರಿಗೆ ಬಿಟ್ಟುಕೊಟ್ಟ. ತವರಿಗೆ ಮರಳಿ ನೆಲೆಸುವ ಯೋಚನೆ ಅಷ್ಟರಲ್ಲಿ ಮುಗಿದಿತ್ತೆಂದು ನಾನು ಓದಿಕೊಳ್ಳುತ್ತೇನೆ. ಸ್ವೀಡನ್ನಿನ ವಿರುದ್ಧದ ದೀರ್ಘ ಯುದ್ಧ 1721ರಲ್ಲಿ ಮುಗಿದಾಗ ಜೊತೆಯವರಿಗೆ ಬಡ್ತಿ ಸಿಕ್ಕಿತು, ಇವನಿಗೆ ಸಿಗಲಿಲ್ಲ. ಆನ್ನಾಳ ತಂಗಿಯ ಗಂಡ ತಾಮಸ್ ಸಾಂಡರ್ಸ್ ಇವನಿಗಿಂತ ಮೇಲಿನ ದರ್ಜೆಯಲ್ಲಿದ್ದ. ಬೇರಿಂಗ್ ರಾಜೀನಾಮೆ ಕೊಟ್ಟ. 1724ರಲ್ಲಿ ಅದು ಅಂಗೀಕಾರವೂ ಆಯಿತು. ಕೆಲವೇ ತಿಂಗಳಲ್ಲಿ ಮೊದಲ ದರ್ಜೆಯ ಕಪ್ತಾನನಾಗಿ ಮತ್ತೆ ಸೇವೆಗೆ ಬಂದ. ಮುಂದಿನದನ್ನೆಲ್ಲ ಓದುವಾಗ ಈ ರಾಜೀನಾಮೆಯನ್ನು ಮರೆಯಬಾರದು. ನಲವತ್ತು ದಾಟಿದ, ಸಂಸಾರವಂದಿಗನಾದ, ಕೆಲಸ ಬಿಟ್ಟರೆ ಬೇರೆ ನೆಲೆಯಿಲ್ಲವೆಂಬುದು ಮನವರಿಕೆಯಾದ ಮನುಷ್ಯನಿಗೆ ಪೀಟರ್ ಜಗತ್ತಿನ ಅಂಚಿನ ಕೆಲಸ ಒಪ್ಪಿಸಿದ.

ಚಕ್ರವರ್ತಿ ಬಿಟ್ಟುಹೋದ ಒಗಟು

ಪೀಟರ್ ತೀರಿಕೊಂಡದ್ದು 1725ರ ಜನವರಿ 28ರಂದು. (ಇಲ್ಲಿನ ತಾರೀಖುಗಳೆಲ್ಲ ಆಗಿನ ರಷ್ಯದ ಹಳೆಯ ಪಂಚಾಂಗದವು, ಇಂದಿನ ಲೆಕ್ಕಕ್ಕೆ ಹನ್ನೊಂದು ದಿನ ಸೇರಿಸಿಕೊಳ್ಳಬೇಕು.) ಸಾವಿಗೆ ಕೆಲವೇ ವಾರ ಮುಂಚೆ ಅವನು ಬೇರಿಂಗನಿಗಾಗಿ ಒಂದು ಚಿಕ್ಕ ಸೂಚನಾಪತ್ರ ಕೊಟ್ಟ. ಅದರಲ್ಲಿರುವುದು ಮೂರೇ ಅಂಶ. ಕಂಚಟ್ಕದಲ್ಲೋ ಬೇರೆಡೆಯೋ ಒಂದೆರಡು ಹಡಗು ಕಟ್ಟಬೇಕು. ಉತ್ತರದತ್ತ ಹೋಗುವ ನೆಲದ ಗುಂಟ ಸಾಗಬೇಕು. ಅದರ ಕೊನೆ ತಿಳಿಯದಿರುವುದರಿಂದ ಅದು ಅಮೆರಿಕದ ಭಾಗವೆಂದೇ ತೋರುತ್ತದೆ. ಆ ನೆಲ ಅಮೆರಿಕವನ್ನು ಎಲ್ಲಿ ಕೂಡುತ್ತದೆಂದು ಹುಡುಕಿ, ಯುರೋಪಿಯನ್ನರ ಆಳ್ವಿಕೆಯ ಯಾವುದಾದರೂ ಊರು ಮುಟ್ಟಿ, ಕರಾವಳಿಯ ಹೆಸರು ಕೇಳಿ ಬರೆದುಕೊಂಡು, ನಕಾಶೆ ಮಾಡಿ ಹಿಂದಿರುಗಬೇಕು.

ಓದಲು ಸರಳ. ಆದರೆ ಕಂಚಟ್ಕದಿಂದ ಉತ್ತರಕ್ಕೆ ಹೋಗುವ ನೆಲ ಏಷ್ಯಾದ್ದೇ. ಅದನ್ನು ಅಮೆರಿಕದ ಭಾಗವೆಂದು ಪೀಟರ್ ಏಕೆ ಹೇಳಿದ? ಅವನ ಮನಸ್ಸಿನಲ್ಲಿದ್ದದ್ದು ಬೇರೊಂದು ನೆಲವೇ? ಕೇಳೋಣವೆಂದರೆ ಬರೆಸಿದವನು ಸತ್ತುಹೋದ. ಸೈಬೀರಿಯದ ದಾರಿ ಹಿಡಿದ ಕಪ್ತಾನನ ಕೈಯಲ್ಲಿ ಉಳಿದದ್ದು ಆ ಹಾಳೆ ಮಾತ್ರ.

ಹಡಗು 65 ಡಿಗ್ರಿ ದಾಟಿದಾಗ, 1728ರ ಆಗಸ್ಟ್ 13ರಂದು, ಬೇರಿಂಗ್ ತನ್ನ ಇಬ್ಬರು ಲೆಫ್ಟಿನೆಂಟರ ಅಭಿಪ್ರಾಯ ಕೇಳಿದ. ರಷ್ಯನ್ ಅಧಿಕಾರಿ ಅಲೆಕ್ಸೇಯ್ ಚಿರಿಕೊವ್ ಹೇಳಿದ್ದು: ಪಶ್ಚಿಮಕ್ಕೆ ತಿರುಗಿ ಕೊಲಿಮಾ ನದಿಯ ಮುಖದವರೆಗೆ, ಇಲ್ಲವೇ ಹಿಮ ತಡೆಯುವವರೆಗೆ ಹೋಗದೆ ಎರಡು ಖಂಡ ಬೇರೆಬೇರೆ ಎಂದು ಖಚಿತವಾಗಿ ಹೇಳಲಾಗದು, ಬೇಕಾದರೆ ಚುಕ್ಚಿ ನಾಡಿನ ಎದುರು ಇದೆಯೆನ್ನುವ ನೆಲದಲ್ಲಿ ಚಳಿಗಾಲ ಕಳೆಯೋಣ. ಬೇರಿಂಗನಂತೆಯೇ ಡೆನ್ಮಾರ್ಕಿನಿಂದ ಬಂದಿದ್ದ ಮಾರ್ಟಿನ್ ಸ್ಪಾನ್‌ಬೆರ್ಗ್ ಹೇಳಿದ್ದು: 16ರವರೆಗೆ ಉತ್ತರಕ್ಕೆ ಹೋಗಿ, ಆಮೇಲೆ ಹಿಂದಿರುಗೋಣ. ಕಪ್ತಾನ ಎರಡನೆಯದನ್ನು ಒಪ್ಪಿದ. ಕರಾವಳಿ ಪಶ್ಚಿಮಕ್ಕೆ ತಿರುಗಿದೆ, ಎದುರಿಗೆ ನೆಲ ಕಾಣುತ್ತಿಲ್ಲ, ಚುಕ್ಚಿ ಜನ ರಷ್ಯಕ್ಕೆ ಒಳಪಟ್ಟವರಲ್ಲ, ಅಲ್ಲಿ ಹಡಗಿಗೆ ಆಸರೆಯಿಲ್ಲ, ಉರಿಸಲು ಕಟ್ಟಿಗೆಯಿಲ್ಲ ಎಂಬುದು ಅವನ ಕಾರಣ. ಜಲಸಂಧಿಯ ಅಗಲ ಕಿರಿದಾದ ಕಡೆ ಸುಮಾರು 85 ಕಿಲೋಮೀಟರ್. ಮೋಡ ಮಂಜಿನ ಆ ವಾತಾವರಣದಲ್ಲಿ ಹೋಗುವಾಗಲೂ ಬರುವಾಗಲೂ ಅಲಾಸ್ಕ ಅವರ ಕಣ್ಣಿಗೆ ಬೀಳಲಿಲ್ಲ. ನಾಲ್ಕು ವರ್ಷ ಕಳೆದು, 1732ರಲ್ಲಿ, ಗ್ವೋಸ್ದೆವ್ ಮತ್ತು ಫ್ಯೋದೊರೊವ್ ಎಂಬಿಬ್ಬರು ಇದೇ ‘ಸಂತ ಗೇಬ್ರಿಯಲ್’ ಹಡಗಿನಲ್ಲಿ ಹೋಗಿ ಆ ದಡವನ್ನು ಕಂಡರು.

ಮೊದಲ ಪಂಥ: ಭೂಗೋಳದ ಪ್ರಶ್ನೆ

ಬೇರಿಂಗನನ್ನು ಕಳಿಸಿದ್ದು ಏಷ್ಯಾ ಮತ್ತು ಅಮೆರಿಕ ಕೂಡಿವೆಯೇ ಎಂದು ತಿಳಿಯಲು ಎಂಬ ವಿವರಣೆಯನ್ನು ನೆಲೆಗೊಳಿಸಿದವನು ಗೆರ್ಹಾರ್ಡ್ ಫ್ರೀಡ್ರಿಕ್ ಮ್ಯುಲರ್. ಜರ್ಮನಿಯಿಂದ ಬಂದು ಸೇಂಟ್ ಪೀಟರ್ಸ್‌ಬರ್ಗಿನ ವಿಜ್ಞಾನ ಅಕಾಡೆಮಿ ಸೇರಿದ್ದ ಈ ಇತಿಹಾಸಕಾರ ಬೇರಿಂಗನ ಎರಡನೆಯ ಯಾತ್ರೆಯ ಭೂಭಾಗದ ತಂಡದಲ್ಲಿ ವರ್ಷಗಟ್ಟಲೆ ಸೈಬೀರಿಯ ಸುತ್ತಿದವನು. ಅದೇ ಅಕಾಡೆಮಿಯಲ್ಲಿದ್ದು ಪ್ಯಾರಿಸ್ಸಿಗೆ ಮರಳಿದ್ದ ಖಗೋಳವಿಜ್ಞಾನಿ ಜೋಸೆಫ್ ದೆಲಿಲ್ 1752ರಲ್ಲಿ ಒಂದು ನಕಾಶೆ ಹೊರತಂದು ಬೇರಿಂಗನ ಸಾಧನೆಯನ್ನು ಕುಗ್ಗಿಸಿ ತೋರಿಸಿದಾಗ, ಮ್ಯುಲರ್ ಮೊದಲು ಹೆಸರಿಲ್ಲದೆ, ಆಮೇಲೆ 1758ರಲ್ಲಿ ವಿಸ್ತಾರವಾಗಿ ಉತ್ತರ ಬರೆದ.

ಈ ವಾದಕ್ಕೆ ಆಧಾರಗಳು ಗಟ್ಟಿಯಾಗಿವೆ. ಎರಡು ಖಂಡಗಳ ಸಂಬಂಧವನ್ನು ಪರೀಕ್ಷಿಸಬೇಕೆಂದು ತತ್ತ್ವಜ್ಞಾನಿ ಲೈಬ್ನಿಜ್ ಪೀಟರನನ್ನು ಒತ್ತಾಯಿಸುತ್ತಿದ್ದ. 1719ರಲ್ಲಿ ಪೀಟರ್ ಕಂಚಟ್ಕಕ್ಕೆ ಕಳಿಸಿದ ಯೆವ್ರೇನೊವ್ ಮತ್ತು ಲೂಝಿನ್ ಎಂಬ ಇಬ್ಬರಿಗೆ ಕೊಟ್ಟ ಆದೇಶದಲ್ಲಿ ಈ ಪ್ರಶ್ನೆ ನೇರವಾಗಿಯೇ ಇದೆ. ಮೇಲಾಗಿ, ಬೇರಿಂಗ್ ಹಿಂದಿರುಗಿದ ರೀತಿಗೆ ಈ ವಿವರಣೆ ಮಾತ್ರ ಸಲೀಸಾಗಿ ಹೊಂದುತ್ತದೆ: ನೆಲ ಪಶ್ಚಿಮಕ್ಕೆ ತಿರುಗಿತು, ಜೋಡಣೆ ಇಲ್ಲ, ಕೆಲಸ ಮುಗಿಯಿತು. 1778ರಲ್ಲಿ ಅಲ್ಲಿಗೆ ಹೋದ ಜೇಮ್ಸ್ ಕುಕ್ ಬೇರಿಂಗ್ ಗುರುತಿಸಿದ ಕರಾವಳಿಯ ನಿಖರತೆಯನ್ನು ಮೆಚ್ಚಿ ಬರೆದ. ಜಲಸಂಧಿಗೆ ಬೇರಿಂಗನ ಹೆಸರು ನಿಂತದ್ದೂ ಆ ಕಾಲದಲ್ಲೇ.

ಈ ಕಥೆಯನ್ನು ತೊಡಕಿಗೆ ಸಿಕ್ಕಿಸಿದವನೂ ಮ್ಯುಲರನೇ. 1736ರಲ್ಲಿ ಯಾಕುಟ್ಸ್ಕಿನ ಕಡತಗಳಲ್ಲಿ ಅವನಿಗೆ ಕೊಸಾಕ್ ಸೆಮ್ಯೋನ್ ದೆಝ್ನ್ಯೋವನ ವರದಿ ಸಿಕ್ಕಿತು. 1648ರಲ್ಲೇ, ಅಂದರೆ ಬೇರಿಂಗನಿಗಿಂತ 80 ವರ್ಷ ಮುಂಚೆ, ದೆಝ್ನ್ಯೋವನ ದೋಣಿಗಳು ಕೊಲಿಮಾದಿಂದ ಹೊರಟು ಆ ಮೂಲೆಯನ್ನು ಸುತ್ತಿ ಬಂದಿದ್ದವು. ಹಾಗಾದರೆ ಬೇರಿಂಗ್ ಕಂಡುಹಿಡಿದದ್ದೇನು? ಈ ಪ್ರಶ್ನೆಯನ್ನು ಮುಂದೆ ಸೋವಿಯತ್ ಬರಹಗಾರರು ಗಟ್ಟಿಯಾಗಿ ಎತ್ತಿದರು. ವಾಷಿಂಗ್ಟನ್ ರಾಜ್ಯದಲ್ಲಿ ಪಾಠ ಹೇಳುತ್ತಿದ್ದ, ತಾನೂ ಆಗಿನ ರಷ್ಯ ಸಾಮ್ರಾಜ್ಯದ ಒಡೆಸ್ಸದ ಬಳಿ ಹುಟ್ಟಿ ಅಮೆರಿಕಕ್ಕೆ ವಲಸೆ ಬಂದಿದ್ದ ಫ್ರಾಂಕ್ ಗೋಲ್ಡರ್ 1914ರಲ್ಲಿ ದೆಝ್ನ್ಯೋವ್ ಹಾಗೆ ಹೋಗಿದ್ದನೆಂಬುದನ್ನೇ ಅನುಮಾನಿಸಿದರು. ಆ ಅನುಮಾನ ಇಂದು ಉಳಿದಿಲ್ಲ.

ಎರಡನೆಯ ಪಂಥ: ಆ ನೆಲ ಯಾವುದು

ಇಪ್ಪತ್ತನೆಯ ಶತಮಾನದ ಮಧ್ಯದಲ್ಲಿ ವಾದ ಮಗ್ಗುಲು ಬದಲಿಸಿತು. ಸೋವಿಯತ್ ವಿದ್ವಾಂಸ ಬೋರಿಸ್ ಪೊಲೆವೊಯ್ 1960ರ ದಶಕದಲ್ಲಿ ಪೀಟರನ ಹಾಳೆಯನ್ನು ಆ ಕಾಲದ ನಕಾಶೆಯೊಂದರ ಪಕ್ಕ ಇಟ್ಟು ಓದಿದರು. ನ್ಯೂರೆಂಬರ್ಗಿನ ಯೋಹಾನ್ ಹೋಮಾನ್ ಅಚ್ಚು ಹಾಕಿದ ಕಂಚಟ್ಕದ ನಕಾಶೆಯಲ್ಲಿ ಪರ್ಯಾಯದ್ವೀಪದ ಹತ್ತಿರವೇ ಹೆಸರಿಲ್ಲದ ಮತ್ತೊಂದು ನೆಲದ ಅಂಚು ಕಾಣುತ್ತದೆ. ಪೀಟರ್ ಹೇಳಿದ, ಕೊನೆ ತಿಳಿಯದ ನೆಲ ಇದೇ. ಅದರ ಗುಂಟ ಹೋದರೆ ಅಮೆರಿಕ ಸಿಗುತ್ತದೆಂದು ಅವನು ನಂಬಿದ್ದ. ಹಾಗಿದ್ದರೆ ಯಾತ್ರೆಯ ಗುರಿ ಖಂಡಗಳ ಜೋಡಣೆಯ ಪ್ರಶ್ನೆಯಲ್ಲ, ಅಮೆರಿಕದ ದಾರಿ.

ಅಮೆರಿಕದ ಇತಿಹಾಸಕಾರ ರೇಮಂಡ್ ಫಿಶರ್ 1977ರ ತಮ್ಮ ಪುಸ್ತಕದಲ್ಲಿ ಈ ವಾದವನ್ನು ಪೂರ್ತಿಯಾಗಿ ಕಟ್ಟಿದರು. ಯುರೋಪಿಯನ್ನರ ಊರು ಮುಟ್ಟಬೇಕೆಂಬ ಸಾಲು ಅವರ ಕೈಯಲ್ಲಿ ಮುಖ್ಯ ಸಾಕ್ಷಿಯಾಗುತ್ತದೆ. ಉತ್ತರದ ಹಿಮಸಾಗರದಲ್ಲಿ ಯುರೋಪಿಯನ್ನರ ಊರು ಎಲ್ಲಿಂದ ಬರಬೇಕು? ಅದು ಸ್ಪೇನಿನ ಮೆಕ್ಸಿಕೊ ಕಡೆಗೆ, ದಕ್ಷಿಣಕ್ಕೆ, ಬೆರಳು ತೋರುವ ಮಾತು. ರಷ್ಯ ಅಮೆರಿಕದ ಪಶ್ಚಿಮದಲ್ಲಿ ನೆಲೆಯೂರಬಯಸಿತ್ತು, ವಿಜ್ಞಾನದ ಮಾತೆಲ್ಲ ಮೇಲುಹೊದಿಕೆ ಎಂಬಲ್ಲಿಗೆ ಫಿಶರ್ ಬರುತ್ತಾರೆ. ಈ ಓದಿನಲ್ಲಿ ಬೇರಿಂಗ್ 1728ರಲ್ಲಿ ಸೋತದ್ದು ಉತ್ತರದಲ್ಲಿ ಅಲ್ಲ, ಕಂಚಟ್ಕದಿಂದ ಹೊರಟ ದಿನವೇ. ತಪ್ಪು ನೆಲವನ್ನು ಹಿಡಿದು ತಪ್ಪು ದಿಕ್ಕಿಗೆ ಹೋದ.

ಕ್ಯಾರಲ್ ಅರ್ನೆಸ್ 1987ರಲ್ಲಿ ಇವೆರಡನ್ನೂ ಒಪ್ಪದೆ, ಯಾತ್ರೆಯ ಕೆಲಸ ಮುಖ್ಯವಾಗಿ ರಷ್ಯದ್ದೇ ನೆಲವನ್ನು ಅಳೆಯುವುದಾಗಿತ್ತು ಎಂದು ವಾದಿಸಿದರು. ಪಶ್ಚಿಮದ ತುದಿಯಿಂದ ಪೆಸಿಫಿಕ್‌ವರೆಗೆ ಸಾಮ್ರಾಜ್ಯ ಎಷ್ಟು ಹರಡಿದೆ, ಅದರ ಪೂರ್ವದ ಅಂಚು ಎಲ್ಲಿದೆ ಎಂಬುದು ಆಳುವವನಿಗೇ ಗೊತ್ತಿರಲಿಲ್ಲ. ಮೂರೂವರೆ ವರ್ಷದ ಭೂಮಾರ್ಗ ಆಗ ಕೇವಲ ಪೀಠಿಕೆಯಾಗುವುದಿಲ್ಲ, ಯಾತ್ರೆಯ ತಿರುಳೇ ಆಗುತ್ತದೆ.

ನನಗೆ ಪೊಲೆವೊಯ್ ಮತ್ತು ಫಿಶರರ ಓದು ಹಾಳೆಯ ಸಾಲುಗಳಿಗೆ ಹೆಚ್ಚು ನಿಷ್ಠವಾಗಿ ಕಾಣುತ್ತದೆ. ಆದರೆ ಅದು ಪೀಟರನ ಮನಸ್ಸನ್ನು ವಿವರಿಸುತ್ತದೆಯೇ ಹೊರತು ಬೇರಿಂಗನ ನಡೆಯನ್ನಲ್ಲ. ಆಗಸ್ಟ್ 13ರ ಸಭೆಯಲ್ಲಿ ಹಡಗಿನ ಮೂವರು ಅಧಿಕಾರಿಗಳೂ ಮಾತಾಡಿದ್ದು ಖಂಡಗಳು ಬೇರೆಯಾಗಿವೆಯೇ ಎಂಬುದನ್ನೇ. ಆದೇಶ ಬರೆಸಿದವನು ಸತ್ತಮೇಲೆ, ಅದನ್ನು ಹೊತ್ತುಕೊಂಡು ಹೋದವರು ತಮಗೆ ತಿಳಿದ ಅರ್ಥದಲ್ಲಿ ಪಾಲಿಸಿದರು. ಈ ಎರಡನ್ನು ಬೇರೆಯಾಗಿ ಇಟ್ಟು ನೋಡಿದರೆ ಅರ್ಧ ಜಗಳ ಇಳಿಯುತ್ತದೆ.

1741ರ ಬೇಸಿಗೆ

1730ರ ಮಾರ್ಚಿನಲ್ಲಿ ರಾಜಧಾನಿಗೆ ಮರಳಿದ ಬೇರಿಂಗನಿಗೆ ಕಪ್ತಾನ-ಕಮಾಂಡರ್ ದರ್ಜೆಯೂ ಇನಾಮೂ ಸಿಕ್ಕವು; ಕೊಲಿಮಾದವರೆಗೆ ಹೋಗದ ಕಾರಣ ಏನೂ ಸಾಬೀತಾಗಿಲ್ಲವೆಂಬ ಟೀಕೆಯೂ ಜೊತೆಗೇ ಬಂತು. ಅವನೇ ಎರಡನೆಯ ಯಾತ್ರೆಯ ಪ್ರಸ್ತಾಪ ಸಲ್ಲಿಸಿದ. ಸೆನೆಟ್, ಅಡ್ಮಿರಲ್ಟಿ ಮತ್ತು ಅಕಾಡೆಮಿ ಸೇರಿ ಅದನ್ನು ಊಹೆಗೂ ಮೀರಿ ಹಿಗ್ಗಿಸಿದವು. ಸೈಬೀರಿಯದ ಇಡೀ ಉತ್ತರ ಕರಾವಳಿಯ ಅಳತೆ, ಜಪಾನಿನ ದಾರಿ, ಅಮೆರಿಕದ ದಾರಿ, ಸಸ್ಯ, ಪ್ರಾಣಿ, ಖನಿಜ, ಜನಜೀವನ, ಜೊತೆಗೆ ಪೂರ್ವ ತೀರದ ಓಖೋಟ್ಸ್ಕಿನಲ್ಲಿ ಬಂದರು ಕಟ್ಟುವುದು, ಕಬ್ಬಿಣ ಕರಗಿಸುವುದು. ನೇರವಾಗಿಯೋ ಪರೋಕ್ಷವಾಗಿಯೋ ಮೂರು ಸಾವಿರದಷ್ಟು ಜನ ಈ ಕೆಲಸಕ್ಕೆ ಸೇರಿದ್ದರು. 1733ರಿಂದ 1741ರವರೆಗೆ ಎಂಟು ವರ್ಷ ಹಗ್ಗ, ಹಿಟ್ಟು, ಲಂಗರು, ಫಿರಂಗಿಗಳನ್ನು ನದಿ, ಜೌಗು, ಬೆಟ್ಟಗಳ ಮೇಲೆ ಸಾಗಿಸುವುದರಲ್ಲಿಯೇ ಹೋಯಿತು. ಓಖೋಟ್ಸ್ಕಿನ ಆಡಳಿತಗಾರ ಸ್ಕೊರ್ನ್ಯಾಕೊವ್-ಪಿಸಾರೆವ್ ಪದೇಪದೇ ದೂರು ಬರೆದ. ತಡವಾಯಿತೆಂದು ಅಡ್ಮಿರಲ್ಟಿ ಬೇರಿಂಗನ ಹೆಚ್ಚುವರಿ ಸಂಬಳ ನಿಲ್ಲಿಸಿತು.

ಕಡೆಗೆ 1741ರ ಜೂನ್ 4ರಂದು ಬೇರಿಂಗನ ‘ಸಂತ ಪೀಟರ್’ ಮತ್ತು ಚಿರಿಕೊವನ ‘ಸಂತ ಪಾಲ್’ ಕಂಚಟ್ಕದ ಅವಾಚ ಕೊಲ್ಲಿಯಿಂದ ಹೊರಟವು. ಮೇ 4ರ ಅಧಿಕಾರಿಗಳ ಸಭೆ ದೆಲಿಲ್‌ನ ಹಿಂದಿನ ಒಂದು ನಕಾಶೆಯನ್ನು ನಂಬಿ ಮೊದಲು ಆಗ್ನೇಯಕ್ಕೆ ಹೋಗಿ ‘ಗಾಮನ ನಾಡು’ ಹುಡುಕಲು ತೀರ್ಮಾನಿಸಿತ್ತು. ಅಂಥ ನಾಡೇ ಇರಲಿಲ್ಲ. ಬೇಸಿಗೆಯ ಒಳ್ಳೆಯ ದಿನಗಳು ಹೀಗೆ ಕಳೆದವು. ಜೂನ್ 20ರಂದು ಮಂಜು ಮತ್ತು ಬಿರುಗಾಳಿಯಲ್ಲಿ ಹಡಗುಗಳು ಅಗಲಿದವು; ಮತ್ತೆ ಒಂದನ್ನೊಂದು ಕಾಣಲಿಲ್ಲ. ಜುಲೈ 15ರಂದು ಚಿರಿಕೊವ್, 16ರಂದು ಬೇರಿಂಗ್ ಅಮೆರಿಕವನ್ನು ಕಂಡರು. ಚಿರಿಕೊವ್ ದಡಕ್ಕೆ ಕಳಿಸಿದ ಎರಡು ದೋಣಿಗಳು 15 ಜನರೊಂದಿಗೆ ಕಾಣೆಯಾದವು.

ಬೇರಿಂಗನ ಹಡಗು ಜುಲೈ 20ರಂದು ಕಯಾಕ್ ದ್ವೀಪದ ಪಕ್ಕ ನಿಂತಿತು. ಪ್ರಕೃತಿವಿಜ್ಞಾನಿ ಗೆಯೋರ್ಗ್ ಸ್ಟೆಲ್ಲರ್ ಜಗಳವಾಡಿ ನೀರು ತರುವವರ ದೋಣಿಯಲ್ಲಿ ದಡಕ್ಕೆ ಹೋಗಿ ಸುಮಾರು ಹತ್ತು ಗಂಟೆ ಅಲೆದಾಡಿದ. ಸ್ಥಳೀಯರ ನೆಲಮಾಳಿಗೆಯಲ್ಲಿ ಹೊಗೆಯಾಡಿಸಿದ ಮೀನು ಕಂಡ. ಅಲ್ಲಿ ಸಿಕ್ಕ ನೀಲಿ ಹಕ್ಕಿಯೊಂದು ಪೂರ್ವ ಅಮೆರಿಕದ ಹಕ್ಕಿಯ ನೆಂಟನೆಂದು ಗುರುತಿಸಿ, ತಾವು ನಿಂತದ್ದು ಅಮೆರಿಕವೇ ಎಂದು ನಿಶ್ಚಯಿಸಿಕೊಂಡ. ಮರುದಿನ ಬೆಳಗಾಗುವ ಮುಂಚೆ ಬೇರಿಂಗ್ ಮೇಲ್ಗಟ್ಟೆಗೆ ಬಂದು, ಎಂದಿನಂತೆ ಸಭೆ ಕರೆಯದೆ, ಲಂಗರೆತ್ತಲು ಹೇಳಿದ. ಇಪ್ಪತ್ತರಷ್ಟು ಪೀಪಾಯಿಗಳು ಇನ್ನೂ ಖಾಲಿ. ಆ ನೀರಿನ ಕೊರತೆಯಿಂದಲೇ ಮುಂದೆ ಶುಮಾಗಿನ್ ದ್ವೀಪಗಳಲ್ಲಿ ಉಪ್ಪುನೀರಿನ ಹೊಂಡದಿಂದ ತುಂಬಿಕೊಳ್ಳಬೇಕಾಯಿತು. ಸ್ಟೆಲ್ಲರ್ ಬೇಡವೆಂದು ಕೂಗಿಕೊಂಡರೂ ಯಾರೂ ಕೇಳಲಿಲ್ಲ.

ಮೂರನೆಯ ವಾದ: ಮನುಷ್ಯ ಎಂಥವನು

ಸ್ಟೆಲ್ಲರನ ದಿನಚರಿ ಓದಿದ ಯಾರಿಗೂ ಬೇರಿಂಗನ ಮೇಲೆ ಸಿಟ್ಟು ಬರುತ್ತದೆ. ಅಷ್ಟು ಜೀವಂತ ಬರಹ ಅದು. ಆದರೆ 1793ರಲ್ಲಿ ಪ್ರಕೃತಿವಿಜ್ಞಾನಿ ಪಲ್ಲಾಸ್ ಅದನ್ನು ಸಾಕಷ್ಟು ತಿದ್ದಿ ಅಚ್ಚು ಹಾಕಿಸಿದ್ದ; ಮೂಲಕ್ಕೆ ಹತ್ತಿರದ ಪ್ರತಿಯೊಂದನ್ನು 1917ರಲ್ಲಿ ಹುಡುಕಿ ತೆಗೆದವರು ಗೋಲ್ಡರ್. ಹಡಗಿನ ದಿನಚರಿ ಮತ್ತು ಸ್ಟೆಲ್ಲರನ ಬರಹವನ್ನು ಅವರು 1922 ಮತ್ತು 1925ರಲ್ಲಿ ಎರಡು ಸಂಪುಟಗಳಾಗಿ ತಂದ ಮೇಲೆಯೇ ಒಬ್ಬನ ಮಾತನ್ನು ಇನ್ನೊಬ್ಬನದರೊಂದಿಗೆ ಹೋಲಿಸುವುದು ಸಾಧ್ಯವಾಯಿತು.

ಅದಕ್ಕೂ ಮೊದಲು, 1885ರಲ್ಲಿ, ಡೆನ್ಮಾರ್ಕಿನ ಪೀಟರ್ ಲಾರಿಡ್ಸೆನ್ ಬೇರಿಂಗನ ಪರವಾಗಿ ಒಂದು ಜೀವನಚರಿತ್ರೆ ಬರೆದಿದ್ದರು. ತಮ್ಮ ನಾಡಿನ ಮಗನಿಗೆ ಅನ್ಯಾಯವಾಗಿದೆ ಎಂಬ ಕಾವು ಅದರ ಪುಟಪುಟದಲ್ಲೂ ಇದೆ. ಅವರ ಬೇರಿಂಗ್ ಶಾಂತ, ನ್ಯಾಯವಂತ, ಕಿರಿಕಿರಿಯ ವಿದ್ವಾಂಸರ ನಡುವೆ ಸಿಕ್ಕಿಕೊಂಡ ದಕ್ಷ ಅಧಿಕಾರಿ. ಎರಡನೆಯ ಮಹಾಯುದ್ಧದ ನಂತರದ ಸೋವಿಯತ್ ಬರಹಗಳಲ್ಲಿ ತಕ್ಕಡಿ ಇನ್ನೊಂದು ಕಡೆ ವಾಲಿತು. ರಷ್ಯನ್ನರೇ ಎಲ್ಲದರಲ್ಲೂ ಮೊದಲಿಗರೆಂದು ತೋರಿಸಬೇಕಿದ್ದ ಕಾಲ ಅದು. ಒಂದು ದಿನ ಮುಂಚೆ ಅಮೆರಿಕ ಕಂಡ, 1728ರಲ್ಲಿ ಮುಂದೆ ಹೋಗೋಣವೆಂದಿದ್ದ, ರಷ್ಯದ ನೆಲದಲ್ಲಿ ಹುಟ್ಟಿದ ಚಿರಿಕೊವ್ ನಾಯಕನಾದ. ಹಿಂದಿರುಗೋಣ ಎಂದ ಇಬ್ಬರೂ ಡೇನರು ಎಂಬುದು ಕೈಗೆ ಸಿಕ್ಕ ಅಸ್ತ್ರವಾಯಿತು. ಚಿರಿಕೊವ್ ನಿಜಕ್ಕೂ ಸಮರ್ಥ ನಾವಿಕ, 1728ರಲ್ಲಿ ಅವನು ಕೊಟ್ಟ ಸಲಹೆ ತರ್ಕಬದ್ಧ. ಅದನ್ನು ಹೇಳಲು ಬೇರಿಂಗನನ್ನು ಪರಕೀಯನೆಂದು ಇಳಿಸಬೇಕಿರಲಿಲ್ಲ.

ಓರ್ಕಟ್ ಫ್ರಾಸ್ಟ್ 2003ರ ಜೀವನಚರಿತ್ರೆಯಲ್ಲಿ ಬೇರಿಂಗ್ ಮತ್ತು ಸ್ಟೆಲ್ಲರರನ್ನು ಜೋಡಿಯಾಗಿ ನಿಲ್ಲಿಸುತ್ತಾರೆ. ಅರವತ್ತು ವರ್ಷದ, ಬಳಲಿದ ಕಪ್ತಾನ; ಮೂವತ್ತೆರಡರ, ಯಾರ ಮಾತನ್ನೂ ಸಹಿಸದ ವಿಜ್ಞಾನಿ. ಅಮೆರಿಕದ ನೆಲ ಕಂಡು ಉಳಿದವರು ಸಂಭ್ರಮಿಸುತ್ತಿದ್ದಾಗ ಬೇರಿಂಗ್ ಭುಜ ಕುಣಿಸಿ ಸುಮ್ಮನಾದನೆಂದೂ, ಅಪರಿಚಿತ ಸೀಮೆ, ತಿರುಗಿಬೀಳಬಹುದಾದ ಗಾಳಿ, ಚಳಿಗಾಲಕ್ಕೆ ಸಾಲದ ಆಹಾರ ಇವನ್ನೇ ಎಣಿಸುತ್ತಿದ್ದನೆಂದೂ ಸ್ಟೆಲ್ಲರನೇ ದಾಖಲಿಸಿದ್ದಾನೆ. ಆಮೇಲೆ ನಡೆದದ್ದನ್ನು ನೋಡಿದರೆ ಕಪ್ತಾನನ ಭಯಗಳಲ್ಲಿ ಒಂದೂ ಸುಳ್ಳಾಗಲಿಲ್ಲ.

ವಲಸಿಗ ಅಧಿಕಾರಿಯ ಸ್ಥಿತಿ ನನಗೆ ಮುಖ್ಯವೆನಿಸುವುದು ಇಲ್ಲಿಯೇ. ರಷ್ಯದ ನೌಕಾಪಡೆಯಲ್ಲಿ ಮಹತ್ವದ ತೀರ್ಮಾನವನ್ನು ಅಧಿಕಾರಿಗಳ ಸಭೆಯಲ್ಲಿಟ್ಟು, ಬರಹದಲ್ಲಿ ಸಹಿ ಪಡೆಯುವ ಕ್ರಮವಿತ್ತು. ಎರಡನೆಯ ಯಾತ್ರೆಯಲ್ಲಿ ಬೇರಿಂಗನ ಕೈಯನ್ನು ಅದು ಮತ್ತಷ್ಟು ಬಿಗಿದಿತ್ತು. ಹಡಗು ಕಳೆದುಕೊಂಡರೆ ಹುಟ್ಟಿನ ಬಲವಿದ್ದ ಅಧಿಕಾರಿಗೆ ಮತ್ತೊಂದು ಅವಕಾಶ ಸಿಗಬಹುದಿತ್ತು. ಇವನಿಗೆ ಉಳಿಯುತ್ತಿದ್ದದ್ದು ವಿಚಾರಣೆ. ಹೊಸದನ್ನು ಕಾಣುವುದಕ್ಕಿಂತ ಹಡಗನ್ನೂ ಜನರನ್ನೂ ಕಾಗದಪತ್ರಗಳನ್ನೂ ಹಿಂದಕ್ಕೆ ತಂದು ಲೆಕ್ಕ ಒಪ್ಪಿಸುವುದು ದೊಡ್ಡದು ಎಂದು ಅವನು ತಿಳಿದಿದ್ದರೆ ಅದನ್ನು ಹೇಡಿತನ ಎನ್ನಲು ನನಗೆ ಮನಸ್ಸಿಲ್ಲ. ಈ ವಾದಕ್ಕೆ ಒಂದು ಅಡ್ಡಿಯೂ ಇದೆ, ಅದನ್ನು ಮುಚ್ಚಿಡಬಾರದು: ಯಾತ್ರೆಗಳಲ್ಲಿದ್ದ ಇತರ ವಲಸಿಗರು ಇಂಥ ಎಚ್ಚರದವರಾಗಿರಲಿಲ್ಲ. ಸ್ಪಾನ್‌ಬೆರ್ಗ್ ಒರಟ, ಸಾಹಸಿ. ಸ್ಟೆಲ್ಲರನಿಗೆ ಯಾರ ಹೆದರಿಕೆಯೂ ಇರಲಿಲ್ಲ.

ಆನ್ನಾಳ ಕಾಗದಗಳು

ಬೇರಿಂಗನ ಖಾಸಗಿ ಬದುಕು ತೀರ ಇತ್ತೀಚಿನವರೆಗೆ ಕತ್ತಲಲ್ಲಿತ್ತು. ಪೀಟರ್ ಉಲ್ಫ್ ಮೋಲರ್ ಮತ್ತು ನತಾಶಾ ಓಖೋಟಿನಾ ಲಿಂದ್ ಆರ್ಕೈವುಗಳಿಂದ ತೆಗೆದು ಪ್ರಕಟಿಸಿದ, 1740ರಲ್ಲಿ ಓಖೋಟ್ಸ್ಕಿನಿಂದ ಬರೆದ ಕುಟುಂಬದ ಪತ್ರಗಳು ಆ ಕೊರತೆ ತುಂಬಿವೆ. ಆನ್ನಾ ಇಬ್ಬರು ದೊಡ್ಡ ಗಂಡುಮಕ್ಕಳನ್ನು ಬಾಲ್ಟಿಕ್ ತೀರದಲ್ಲಿ ಬಿಟ್ಟು, ಚಿಕ್ಕವರಿಬ್ಬರನ್ನು ಕಟ್ಟಿಕೊಂಡು ಗಂಡನ ಜೊತೆ ಸೈಬೀರಿಯ ದಾಟಿದವಳು. ಮನೆಯ ಕ್ಲಾವಿಕಾರ್ಡ್ ವಾದ್ಯವೂ ಅವರ ಸಾಮಾನಿನೊಂದಿಗೆ ಅಷ್ಟು ದೂರ ಬಂದಿತ್ತು. ಆಕೆಯ ಪತ್ರಗಳಲ್ಲಿ ದೂರದ ಮಗನ ಓದು, ಉದ್ಯೋಗ, ನಡತೆಯ ಚಿಂತೆ ತುಂಬಿದೆ. ಕುಟುಂಬದ ಸ್ಥಾನ ಜಾರಬಾರದೆಂಬ ಹಟವಿದೆ. ಕಡತಗಳ ಬೇರಿಂಗ್ ಒಬ್ಬಂಟಿ ಅಧಿಕಾರಿ. ಪತ್ರಗಳ ಬೇರಿಂಗ್ ದೊಡ್ಡ ಸಂಸಾರದ ಯಜಮಾನ. ಗಂಡ ಕಡಲಿಗೆ ಇಳಿಯುವ ಮುನ್ನ ಆಕೆ ಮಕ್ಕಳೊಂದಿಗೆ ಪಶ್ಚಿಮಕ್ಕೆ ಹೊರಟಳು. ಆಮೇಲೆ ಅವರ ಭೇಟಿಯಾಗಲಿಲ್ಲ.

ದಡದಲ್ಲಿದ್ದವರು

ಈ ಎಲ್ಲ ವಾದಗಳಲ್ಲಿ ಬಹುಕಾಲ ಕಾಣಿಸದೇ ಇದ್ದವರು ಆ ನೆಲದ ಜನ. ಮೊದಲ ಯಾತ್ರೆಯ ಸರಕನ್ನು ಚಳಿಗಾಲದಲ್ಲಿ ಕಂಚಟ್ಕದ ಆಚೆಗೆ ಎಳೆದದ್ದು ಇತೆಲ್ಮೆನ್ ಜನರ ನಾಯಿಬಂಡಿಗಳು. 1731ರಲ್ಲಿ ಇತೆಲ್ಮೆನ್ನರು ರಷ್ಯನ್ನರ ವಿರುದ್ಧ ದಂಗೆಯೆದ್ದರು. ಬೇರಿಂಗನ ಸಂಗಡಿಗರು 1742ರಲ್ಲಿ ತಂದ ಕಡಲ ನೀರುನಾಯಿಯ ತುಪ್ಪಳಕ್ಕೆ ಚೀನಾದ ಗಡಿಯಲ್ಲಿ ಸಿಕ್ಕ ಬೆಲೆ ಕಂಡು ಬೇಟೆಗಾರರು ಅಲ್ಯೂಷಿಯನ್ ದ್ವೀಪಗಳಿಗೆ ಮುಗಿಬಿದ್ದರು. ಅಲ್ಯೂಟ್ ಜನ ಒತ್ತೆಯಾಳುಗಳಾಗಿ, ಬಿಟ್ಟಿ ಬೇಟೆಗಾರರಾಗಿ, ರೋಗಕ್ಕೆ ತುತ್ತಾಗಿ ದೊಡ್ಡ ಸಂಖ್ಯೆಯಲ್ಲಿ ಸತ್ತರು. ಸ್ಟೆಲ್ಲರ್ ಮೊದಲು ವರ್ಣಿಸಿದ, ಹಿಂದಿರುಗುವಾಗ ಹಡಗೊಡೆದು ದ್ವೀಪವೊಂದರಲ್ಲಿ ಸಿಕ್ಕಿಕೊಂಡ ಬೇರಿಂಗನ ಜನರ ಪ್ರಾಣ ಉಳಿಸಿದ ಬೃಹತ್ ಕಡಲಹಸು 1768ರ ಹೊತ್ತಿಗೆ ಭೂಮಿಯ ಮೇಲಿಂದಲೇ ಅಳಿಯಿತು. ರಯಾನ್ ಟಕರ್ ಜೋನ್ಸ್ 2014ರ ಪುಸ್ತಕದಲ್ಲಿ ಈ ಅಳಿವನ್ನೇ ಕೇಂದ್ರದಲ್ಲಿಟ್ಟು ಸಾಮ್ರಾಜ್ಯದ ಕಥೆ ಹೇಳಿದ್ದಾರೆ. ಹೀಗೆ ನೋಡುವವರಿಗೆ ಬೇರಿಂಗ್ ಧೀರನೋ ಅಲ್ಲವೋ ಎಂಬುದು ಸಣ್ಣ ಮಾತು. ಅವರ ಪ್ರಶ್ನೆ ನ್ಯಾಯವಾದದ್ದು. ಆದರೆ ಅದು ಹಳೆಯ ಪ್ರಶ್ನೆಗೆ ಉತ್ತರವಲ್ಲ, ಅದರ ಪಕ್ಕದಲ್ಲಿ ನಿಲ್ಲುವ ಇನ್ನೊಂದು ಪ್ರಶ್ನೆ.

ಇನ್ನೂ ಬಗೆಹರಿಯದವು

ಆದೇಶ ಬರೆಸುವಾಗ ಪೀಟರನ ಮುಂದೆ ಯಾವ ನಕಾಶೆ ಇತ್ತು ಎಂಬುದು ಮೊದಲನೆಯದು. ಹೋಮಾನನ ನಕಾಶೆಯೆಂಬುದು ಬಲವಾದ ಊಹೆ, ಅಷ್ಟೇ. ಪೀಟರ್ ತನ್ನ ಉದ್ದೇಶವನ್ನು ಬಾಯಿಮಾತಿನಲ್ಲಿ ಯಾರಿಗಾದರೂ ವಿವರಿಸಿದ್ದನೇ, ಅದು ಬೇರಿಂಗನನ್ನು ಮುಟ್ಟಿತ್ತೇ ಎಂಬುದರ ಮೇಲೆ ಫಿಶರರ ವಾದದ ಅರ್ಧ ನಿಂತಿದೆ.

ಎರಡನೆಯದು ಬೇರಿಂಗನ ಕಾಯಿಲೆ. 1991ರಲ್ಲಿ ಡೇನಿಶ್ ಮತ್ತು ರಷ್ಯನ್ ಪುರಾತತ್ತ್ವಜ್ಞರು ಅವನು ತೀರಿಕೊಂಡ, ಇಂದು ಅವನ ಹೆಸರಿನ ದ್ವೀಪದಲ್ಲಿ ಆರು ಸಮಾಧಿಗಳನ್ನು ಅಗೆದರು. ಮಾಸ್ಕೋದ ತಜ್ಞರು ತಲೆಬುರುಡೆಯಿಂದ ಮುಖ ರೂಪಿಸಿದಾಗ ಮೂಡಿದ್ದು ಗಟ್ಟಿಮುಟ್ಟಾದ, ದೃಢ ದವಡೆಯ ಮನುಷ್ಯ. ಪುಸ್ತಕಗಳಲ್ಲಿ ಬಹುಕಾಲ ಅಚ್ಚಾಗುತ್ತ ಬಂದ, ಉಬ್ಬಿದ ಕೆನ್ನೆಯ ಚಿತ್ರ ಅವನದಲ್ಲ, ಅದೇ ಹೆಸರಿನ ಅವನ ಹಿರಿಯ ಬಂಧು, ಕವಿ ವಿಟುಸ್ ಪೆಡೆರ್ಸೆನ್ ಬೇರಿಂಗನದಿರಬೇಕು. ಹಲ್ಲುಗಳಲ್ಲಿ ಸ್ಕರ್ವಿಯ ಗುರುತು ಕಾಣಲಿಲ್ಲ. ಅವನು ಸತ್ತದ್ದು ರೋಗಕ್ಕಿಂತ ಹೆಚ್ಚಾಗಿ ಹಸಿವು, ಚಳಿ ಮತ್ತು ದುಃಖದಿಂದ ಎಂದು ಸ್ಟೆಲ್ಲರ್ ಬರೆದದ್ದಕ್ಕೆ ಇದು ಹೊಂದುತ್ತದೆ. ಹಾಗಾದರೆ ತಿಂಗಳುಗಟ್ಟಲೆ ಅವನನ್ನು ಕೋಣೆಯಲ್ಲಿ ಮಲಗಿಸಿದ ಕಾಯಿಲೆ ಯಾವುದು? ಕಯಾಕ್ ದ್ವೀಪದ ಆ ಬೆಳಗಿನ ಆಜ್ಞೆಯ ಹಿಂದೆಯೂ ಅದು ಇತ್ತೇ?

ಮೂರನೆಯದು 1741ರ ನವೆಂಬರಿನಲ್ಲಿ ನಡೆದ ಕೊನೆಯ ಸಭೆ. ಎದುರಿಗೆ ಕಂಡ ನೆಲ ಕಂಚಟ್ಕವೆಂದು ಹಡಗಿನ ಅಧಿಕಾರಿಗಳಾದ ಸ್ವೆನ್ ವಾಕ್ಸೆಲ್ ಮತ್ತು ಸೋಫ್ರೋನ್ ಖಿತ್ರೊವೊ ಪಟ್ಟುಹಿಡಿದರು, ಅಲ್ಲೇ ಇಳಿಯಬೇಕೆಂದರು. ಎದ್ದು ನಿಲ್ಲಲಾಗದಿದ್ದ ಬೇರಿಂಗ್ ಅವಾಚದವರೆಗೆ ಮುಂದುವರಿಯೋಣ ಎಂದ. ಅವನ ಪರವಾಗಿ ಮಾತಾಡಿದ ಒವ್ತ್ಸಿನ್ ಎಂಬವನ ಬಾಯಿ ಮುಚ್ಚಿಸಿದರು. ಎಚ್ಚರಕ್ಕೆ ಹೆಸರಾದ ಕಪ್ತಾನ ಮುಂದೆ ಹೋಗೋಣವೆಂದದ್ದು ಆಗ. ಬಹುಮತ ಅವನನ್ನು ತಳ್ಳಿಹಾಕಿತು. ಇಳಿದ ನೆಲ ಕಂಚಟ್ಕದಿಂದ ಸುಮಾರು 175 ಕಿಲೋಮೀಟರ್ ದೂರದ, ಜನರಿಲ್ಲದ ದ್ವೀಪ. ಡಿಸೆಂಬರ್ 8ರಂದು ಬೇರಿಂಗ್ ಅಲ್ಲಿ ತೀರಿಕೊಂಡ. ಉಳಿದ 46 ಜನ ಮುರಿದ ಹಡಗಿನ ಹಲಗೆಗಳಿಂದ ಮತ್ತೊಂದನ್ನು ಕಟ್ಟಿ 1742ರ ಆಗಸ್ಟಿನಲ್ಲಿ ಅವಾಚ ತಲುಪಿದರು. ಹಾಯಿ ಎಳೆಯಲು ಬೆರಳೆಣಿಕೆಯಷ್ಟು ಗಟ್ಟಿಗರೂ ಉಳಿಯದಿದ್ದ ಆ ಹಡಗು ಬೇರಿಂಗನ ಮಾತಿನಂತೆ ಹೋಗಿದ್ದರೆ ಮುಟ್ಟುತ್ತಿತ್ತೇ, ಮುಳುಗುತ್ತಿತ್ತೇ? ಈ ಸಭೆಯನ್ನು ಬಿಡಿಬಿಡಿಯಾಗಿ ವಿವರಿಸಿದವನು ಸ್ಟೆಲ್ಲರ್, ವಾಕ್ಸೆಲನ ಕಡುವಿರೋಧಿ. 1940ರಲ್ಲಿ ಅಚ್ಚಾದ ವಾಕ್ಸೆಲನ ವೃತ್ತಾಂತ ಆ ದಿನಗಳನ್ನು ಬೇರೆ ಬಗೆಯಲ್ಲಿ ಹೇಳುತ್ತದೆ. ಯಾರ ಮಾತಿಗೆ ಹೆಚ್ಚು ತೂಕ ಕೊಡಬೇಕೆಂಬುದರಲ್ಲಿ ವಿದ್ವಾಂಸರು ಇಂದಿಗೂ ಒಮ್ಮತಕ್ಕೆ ಬಂದಿಲ್ಲ.